ಜಲಗಾಲನ ವ್ರತವೂ ವಿಜಯಪುರದ ನೀರೂ

ಶ್ರಾವಕನ ಅಷ್ಟಮೂಲಗುಣಗಳನ್ನು ಎಣಿಸುವಲ್ಲಿ ಎಲ್ಲ ಆಚಾರ್ಯರೂ ಒಂದೇ ಪಟ್ಟಿಯನ್ನು ಕೊಟ್ಟಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗದೊಡನೆ ಐದು ಅಣುವ್ರತಗಳು ಸೇರಿ ಎಂಟಾಗುತ್ತವೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇನ್ನೊಂದು ಎಣಿಕೆಯನ್ನೂ ದಾಖಲಿಸಿದ್ದಾರೆ. ಅದರಲ್ಲಿ ಮದ್ಯ, ಮಾಂಸ, ಮಧು, ರಾತ್ರಿಭೋಜನ ಮತ್ತು ಪಂಚೋದುಂಬರ ಫಲಗಳ ತ್ಯಾಗ, ಪಂಚಪರಮೇಷ್ಠಿಗಳ ಸ್ತುತಿ, ಜೀವದಯೆ ಇವುಗಳ ಜೊತೆಗೆ ಎಂಟನೆಯದಾಗಿ ಬರುವುದು ಜಲಗಾಲನ. ನೀರನ್ನು ಸೋಸಿ ಬಳಸುವುದೆಂದಷ್ಟೇ ಇದರ ಅರ್ಥ. ಅಡುಗೆಮನೆಯ ಬಾಗಿಲಲ್ಲಿ ಕೊಡದ ಬಾಯಿಗೆ ಅರಿವೆ ಕಟ್ಟುವ ಇಷ್ಟು ಸಣ್ಣ ಕೆಲಸ ಪರಮೇಷ್ಠಿ ಸ್ತುತಿಯ ಪಕ್ಕದಲ್ಲಿ ಸ್ಥಾನ ಪಡೆದಿರುವುದು ಹೊರಗಿನವರಿಗೆ ಆಶ್ಚರ್ಯವೆನಿಸಬಹುದು.

ನೀರನ್ನು ಬಟ್ಟೆಯಲ್ಲಿ ಸೋಸಬೇಕೆಂಬ ಮಾತು ಜೈನರಲ್ಲಿ ಮಾತ್ರ ಇರುವುದಲ್ಲ. ಮನುಸ್ಮೃತಿಯ ಯತಿಧರ್ಮದಲ್ಲಿ ಅದು ಇದೆ. ಸುಶ್ರುತ ಸಂಹಿತೆಯು ಕದಡಿದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಹೇಳುವಾಗ ಕತಕ ಬೀಜದೊಡನೆ ವಸ್ತ್ರವನ್ನೂ ಸೇರಿಸುತ್ತದೆ. ಆದರೆ ವೈದ್ಯನ ದೃಷ್ಟಿ ಬೇರೆ, ಶ್ರಾವಕಾಚಾರದ ದೃಷ್ಟಿ ಬೇರೆ. ವೈದ್ಯನು ನೀರಿನಿಂದ ಕುಡಿಯುವವನನ್ನು ಕಾಪಾಡಲು ಹೊರಟವನು. ಶ್ರಾವಕಾಚಾರವಾದರೋ ಕುಡಿಯುವವನಿಂದ ನೀರಿನೊಳಗಿನ ಜೀವಗಳನ್ನು ಕಾಪಾಡಲು ಹೊರಟಿತು. ಆ ಎರಡು ದಾರಿಗಳು ಎಲ್ಲಿ ಒಂದಾದವು, ಎಲ್ಲಿ ಬೇರೆಯಾದವು ಎಂಬುದನ್ನು ತಿಳಿಯದೆ, ಸೋಸಿದ ನೀರೆಲ್ಲ ನಿರ್ದೋಷವಾದ ನೀರೆಂದು ನಂಬಿ ಕುಳಿತರೆ ಮನೆಗೂ ಅಪಾಯ, ಬಸದಿಗೆ ಬಂದ ಯಾತ್ರಿಕರಿಗೂ ಅಪಾಯ.

ವಿಧಿಯು ಬಹಳ ಸೂಕ್ಷ್ಮವಾದುದು. ಅರಿವೆಯು 36 ಅಂಗುಲ ಉದ್ದ, 24 ಅಂಗುಲ ಅಗಲ ಇದ್ದು, ಎರಡು ಪದರಾಗಿ ಮಡಿಸಿದಾಗ ಬಿಸಿಲು ಹಾಯದಷ್ಟು ದಟ್ಟವಾಗಿರಬೇಕು. ಹರಿದ ಅರಿವೆ ಸಲ್ಲದು. ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಅಂದರೆ ಎರಡು ಘಳಿಗೆ ಅಥವಾ 48 ನಿಮಿಷ. ಅನಂತರ ಮತ್ತೆ ಸೋಸಬೇಕು. ಲವಂಗ ಮೊದಲಾದ ದ್ರವ್ಯಗಳನ್ನು ಬೆರೆಸಿ ಪ್ರಾಸುಕಗೊಳಿಸಿದ ನೀರಿಗೆ ಎರಡು ಪ್ರಹರ, ಬಿಸಿಮಾಡಿದ ನೀರಿಗೆ ನಾಲ್ಕು ಪ್ರಹರ, ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರ, ಎಂದರೆ ಒಂದು ಹಗಲು ಒಂದು ರಾತ್ರಿ, ಎಂದು ದಿಗಂಬರ ಸಂಪ್ರದಾಯದಲ್ಲಿ ಅವಧಿಗಳನ್ನು ಹೇಳಲಾಗಿದೆ.

ಈ ವಿಧಿಯ ಹೃದಯವಿರುವುದು ಸೋಸಿದ ಮೇಲಿನ ಕೆಲಸದಲ್ಲಿ. ಅರಿವೆಯ ಮೇಲೆ ಉಳಿದ ಜೀವರಾಶಿಯನ್ನು ಜೀವಾಣಿ ಎನ್ನುತ್ತಾರೆ. ಸೋಸಿದ ನೀರನ್ನೇ ಅರಿವೆಯ ಮೇಲೆ ಸುರಿದು ಜೀವಾಣಿಯನ್ನು ಒಂದು ಪಾತ್ರೆಗೆ ಇಳಿಸಿಕೊಂಡು, ನೀರು ಸೇದಿದ ಅದೇ ಬಾವಿಗೆ ಮರಳಿಸಬೇಕು. ಅದೂ ಮೇಲಿನಿಂದ ಎರಚುವಂತಿಲ್ಲ. ಪಾತ್ರೆಯ ತಳಕ್ಕೆ ಬಳೆ ಹಾಕಿ, ಹಗ್ಗದಿಂದ ಇಳಿಸಿ, ನೀರನ್ನು ಮುಟ್ಟಿದ ಮೇಲೆಯೇ ಅದು ಮಗುಚುವಂತೆ ಮಾಡಬೇಕು. ಒಂದು ಬಾವಿಯ ಜೀವಾಣಿ ಇನ್ನೊಂದು ಬಾವಿಗೆ ಸಲ್ಲದು. ಸಿಹಿನೀರಿನ ಜೀವಿಗೆ ಸವಳು ನೀರೇ ಮೃತ್ಯು. ಈ ನಿಯಮದ ಬೆಲೆ ವಿಜಯಪುರದ ಸೀಮೆಯವರಿಗೆ ಬೇಗ ಅರಿವಾದೀತು. ಡೋಣಿ ನದಿಯ ನೀರು ಉಪ್ಪೆಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಒಂದೇ ಊರಿನಲ್ಲಿ ಒಂದು ಬಾವಿ ಸಿಹಿ, ನಾಲ್ಕು ಮಾರು ಆಚೆಯ ಬಾವಿ ಸವಳು ಎಂಬುದೂ ಈ ಕಡೆ ಅಪರೂಪವಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಒಂದು ಹನಿ ನೀರಿನಲ್ಲಿ 36,450 ಜೀವಿಗಳನ್ನು ಸ್ಕೋರ್ಸ್‌ಬಿ ಎಂಬ ಪಾಶ್ಚಾತ್ಯ ಕಪ್ತಾನನು ಸೂಕ್ಷ್ಮದರ್ಶಕದಲ್ಲಿ ಕಂಡನೆಂಬ ವಾಕ್ಯ ಜೈನ ಪುಸ್ತಿಕೆಗಳಲ್ಲಿ ಬಹುಕಾಲದಿಂದ ಅಚ್ಚಾಗುತ್ತಲೇ ಬಂದಿದೆ. ಆ ಸಂಖ್ಯೆಯಿಂದ ಸಿದ್ಧಾಂತಕ್ಕೆ ಯಾವ ಬಲವೂ ಬರುವುದಿಲ್ಲ. ಕೆರೆಯ ಹನಿಯೇ ಬೇರೆ, ಬಂಡೆಯ ಒರತೆಯ ಹನಿಯೇ ಬೇರೆ. ಎಲ್ಲ ಹನಿಗಳಿಗೂ ಒಂದೇ ಲೆಕ್ಕ ಹೇಗೆ ಕೂಡೀತು? ಅದಕ್ಕಿಂತ ಮುಖ್ಯವಾದುದೆಂದರೆ, ಆಗಮಗಳು ಹೇಳುವ ಅಪ್ಕಾಯಿಕ ಜೀವವೆಂದರೆ ನೀರನ್ನೇ ಶರೀರವಾಗಿ ಉಳ್ಳ ಏಕೇಂದ್ರಿಯ ಸ್ಥಾವರ ಜೀವ. ಸೂಕ್ಷ್ಮದರ್ಶಕದಲ್ಲಿ ನೀರಿನೊಳಗೆ ಈಜಾಡುವುದು ಕಂಡರೆ ಅದು ನೀರಿನಲ್ಲಿ ವಾಸಿಸುವ ಬೇರೆ ಜೀವಿ. ಹಾಲೆಂಡಿನ ಲೀವೆನ್‌ಹುಕ್ 1670ರ ದಶಕದಲ್ಲಿ ಕೆರೆಯ ನೀರಿನಲ್ಲಿಯೂ ಮಳೆಯ ನೀರಿನಲ್ಲಿಯೂ ಕಂಡದ್ದು ಅಂಥವುಗಳನ್ನೇ. ಜಲಗಾಲನದಿಂದ ಅಪ್ಕಾಯಿಕದ ರಕ್ಷಣೆ ಆಗುವುದೆಂದು ಶಾಸ್ತ್ರವೂ ಹೇಳಿಲ್ಲ. ಅದು ಕಾಯುವುದು ಅರಿವೆಯಲ್ಲಿ ನಿಲ್ಲುವಷ್ಟು ದೊಡ್ಡದಾದ ತ್ರಸ ಜೀವಗಳನ್ನು. ಈ ಮಿತಿಯನ್ನು ಒಪ್ಪಿಕೊಂಡರೆ ಮುಂದಿನ ಇತಿಹಾಸ ಅರ್ಥವಾಗುತ್ತದೆ.

ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸಿನ ಮಳೆ, ಮಳೆ ಬಿದ್ದಾಗ ಎರೆಮಣ್ಣು ಕರಗಿ ಮಸಿಯಂತಾಗುವ ಹಳ್ಳ, ಬೇಸಿಗೆಯಲ್ಲಿ ತಳ ಕಾಣುವ ಬಾವಿ: ತಿಕೋಟಾ, ಬಬಲೇಶ್ವರ, ಜೈನಾಪುರಗಳ ಸೀಮೆಗೆಲ್ಲ ಇದೇ ಸ್ಥಿತಿ. ಇಂಥ ನೆಲದ ಮೇಲೆ ಆದಿಲ್‌ಶಾಹಿ ಅರಸರು ಒಂದು ಮಹಾನಗರವನ್ನು ಕಟ್ಟಿ ನಿಲ್ಲಿಸಿದರು. ನಗರ ನಿಂತದ್ದು ಗೋಡೆಯ ಬಲದಿಂದಲ್ಲ, ನೀರಿನ ಬಲದಿಂದ. ಮೊದಲನೆಯ ಆಲಿ ಆದಿಲ್‌ಶಾಹನು 1579ರಲ್ಲಿ ಚಾಂದ್ ಬಾವಡಿಯನ್ನು ಕಟ್ಟಿಸಿದನು. 1620ರಲ್ಲಿ, ಎರಡನೆಯ ಇಬ್ರಾಹಿಮನ ಆಳಿಕೆಯಲ್ಲಿ, ಮಲಿಕ್ ಸಂದಲನು ತಾಜ್ ಬಾವಡಿಯನ್ನು ಕಟ್ಟಿಸಿದನು. ಪಶ್ಚಿಮದ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕ ನೀರು ನಗರಕ್ಕೆ ಹರಿದು ಬಂದಿತು. ಕನ್ನಡಿಗರಿಗೆ ತೊರವೆ ರಾಮಾಯಣದಿಂದ ಪರಿಚಿತವಾದ ಊರೇ ಇದು. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ, ನಗರದ ದಕ್ಷಿಣಕ್ಕೆ ಬೇಗಂ ತಾಲಾಬ್ ನಿರ್ಮಾಣವಾಯಿತು. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು 15ರಿಂದ 50 ಅಡಿ ಆಳದಲ್ಲಿ ಹೂಳಿ, ಸುತ್ತ ಗಾರೆಯ ಕಟ್ಟಡದಿಂದ ಭದ್ರಪಡಿಸಿ ನೀರನ್ನು ಒಯ್ದರು.

ಈ ಕೊಳವೆಯ ಹಾದಿಯಲ್ಲಿ ಅಲ್ಲಲ್ಲಿ ನಿಂತಿರುವ, 25ರಿಂದ 40 ಅಡಿ ಎತ್ತರದ ಚೌಕ ಗೋಪುರಗಳಿಗೆ ಗಂಜ್ ಎಂದು ಹೆಸರು. ದಾರಿಹೋಕರು ಇವನ್ನು ಹಾಳು ಬುರುಜುಗಳೆಂದು ತಿಳಿಯುವುದುಂಟು. ಕೊಳವೆಯೊಳಗಿನ ಒತ್ತಡ ಮಿತಿಮೀರಿ ಮಣ್ಣಿನ ಕೊಳವೆ ಒಡೆಯದಂತೆ ತಡೆಯುವುದು ಇವುಗಳ ಮೊದಲ ಕೆಲಸ. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಗೋಪುರದೊಳಗೆ ನೀರಿನ ವೇಗ ತಗ್ಗಿದೊಡನೆ ಹೊತ್ತು ತಂದ ಕೆಸರು ತಳಕ್ಕೆ ಇಳಿದು ನಿಲ್ಲುತ್ತಿತ್ತು. ತಿಳಿಯಾದ ನೀರು ಮುಂದಿನ ಕೊಳವೆಗೆ ಹರಿಯುತ್ತಿತ್ತು. ಇಂದಿನ ಜಲಶುದ್ಧೀಕರಣ ಘಟಕಗಳಲ್ಲಿ ಪಟಿಕಾರ ಬೆರೆಸಿದ ನೀರನ್ನು ದೊಡ್ಡ ತೊಟ್ಟಿಗಳಲ್ಲಿ ನಿಲ್ಲಿಸಿ ಕೆಸರನ್ನು ತಳಕ್ಕೆ ಇಳಿಸುವುದು ಇದೇ ತತ್ತ್ವದ ಮೇಲೆ.

ಕೆಸರು ತಳಕ್ಕಿಳಿಯುವ ಈ ಕ್ರಿಯೆ ಜೈನ ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಹೊಸದಲ್ಲ. ಕನ್ನಡ ನಾಡಿನ ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಜೀವದ ಭಾವಗಳನ್ನು ವಿವರಿಸುವಾಗ ಇದೇ ದೃಷ್ಟಾಂತವನ್ನು ಕೊಡುತ್ತಾರೆ. ಕದಡಿದ ನೀರಿಗೆ ಕತಕ ಬೀಜವನ್ನು ಬೆರೆಸಿದರೆ ಕೆಸರು ಅಡಗುತ್ತದೆ. ಕರ್ಮದ ಉಪಶಮ ಹಾಗೆ. ಅದೇ ನೀರನ್ನು ಬೇರೊಂದು ಶುಚಿಯಾದ ಪಾತ್ರೆಗೆ ಬಗ್ಗಿಸಿಕೊಂಡರೆ ಕೆಸರಿನ ಸಂಬಂಧವೇ ತಪ್ಪುತ್ತದೆ, ಕ್ಷಯ ಹಾಗೆ. ಕತಕವೆಂದರೆ ಕನ್ನಡದಲ್ಲಿ ಚಿಲ್ಲದ ಬೀಜ. ಅಡಗಿದ ಕೆಸರು ಪಾತ್ರೆ ಅಲುಗಿದರೆ ಮತ್ತೆ ಮೇಲೇಳುವುದೆಂಬುದನ್ನು ಆಚಾರ್ಯರ ಕಾಲದ ಗೃಹಿಣಿಯೂ ಬಲ್ಲಳು. ತಿಳಿಯಾಗಿ ಕಾಣುವ ನೀರು ಶುದ್ಧವೇ ಆಗಿರಬೇಕಿಲ್ಲವೆಂಬ ಈ ವಿವೇಕ ಕೆಸರಿನ ವಿಷಯದಲ್ಲಿ ಹೇಗೋ ರೋಗದ ವಿಷಯದಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ.

ಬಾವಡಿಗಳ ಸೌಂದರ್ಯವನ್ನು ಹೊಗಳುವವರು ಅವುಗಳ ಮೆಟ್ಟಿಲುಗಳ ಬಗ್ಗೆ ಯೋಚಿಸುವುದು ಕಡಿಮೆ. ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬುವ ಪದ್ಧತಿ ದಖನ್ನಿನ ಒಣನಾಡಿನಲ್ಲೆಲ್ಲ ಇತ್ತು. ಆ ಮೆಟ್ಟಿಲುಗಳ ಜೊತೆಗೇ ಬಂದ ಶಾಪ ನಾರುಹುಣ್ಣು. ಗಜದುದ್ದದ, ದಾರದಂಥ ಹುಳುವೊಂದು ಮನುಷ್ಯನ ಶರೀರದೊಳಗೆ ಸುಮಾರು ಒಂದು ವರ್ಷ ಬೆಳೆದು, ಬಹುಮಟ್ಟಿಗೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಹೊರಬರುತ್ತದೆ. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ತಣ್ಣೀರಿನಲ್ಲಿ ಇಡುತ್ತಾನೆ. ಆ ಕ್ಷಣದಲ್ಲಿ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಮರಿಗಳನ್ನು ಸೈಕ್ಲಾಪ್ಸ್ ಎಂಬ, ಒಂದೆರಡು ಮಿಲಿಮೀಟರ್ ಗಾತ್ರದ ನೀರುಜೀವಿ ನುಂಗುತ್ತದೆ. ಸುಮಾರು ಎರಡು ವಾರದಲ್ಲಿ ಅದರ ಹೊಟ್ಟೆಯೊಳಗಿನ ಮರಿ ರೋಗ ತರುವಷ್ಟು ಬಲಿಯುತ್ತದೆ. ಆ ನೀರನ್ನು ಹಾಗೆಯೇ ಕುಡಿದವನಿಗೆ ಮುಂದಿನ ವರ್ಷ ಅದೇ ಬೇನೆ. ಜೋಳದ ರಾಶಿಯ ಕಾಲದಲ್ಲಿಯೋ ಬಿತ್ತನೆಯ ಹೊತ್ತಿನಲ್ಲಿಯೋ ಮನೆಯ ದುಡಿಯುವ ಆಳು ಕಾಲಿಗೆ ಕಡ್ಡಿ ಕಟ್ಟಿಕೊಂಡು, ದಿನಕ್ಕಿಷ್ಟಿಷ್ಟೇ ಹುಳುವನ್ನು ಅದಕ್ಕೆ ಸುತ್ತಿ ಎಳೆಯುತ್ತ ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಆ ಮನೆಯ ಗತಿಯೇನು? ಈ ರೋಗಕ್ಕೆ ಇಂದಿಗೂ ಔಷಧವಿಲ್ಲ, ಲಸಿಕೆಯಿಲ್ಲ.

ರಷ್ಯದ ಪ್ರಕೃತಿವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ 1870ರಲ್ಲಿ ತುರ್ಕಿಸ್ತಾನದಲ್ಲಿ ನಾರುಹುಳುವಿನ ಮರಿಗಳು ಸೈಕ್ಲಾಪ್ಸ್‌ನೊಳಗೆ ಬೆಳೆಯುವುದನ್ನು ಕಂಡುಹಿಡಿದನು. ಅಂದರೆ ರೋಗದ ಸಂಪೂರ್ಣ ಸರಪಣಿಯಲ್ಲಿ ಅತಿ ದುರ್ಬಲವಾದ ಕೊಂಡಿ ಒಂದು ತ್ರಸ ಜೀವಿ, ಅದೂ ಅರಿವೆಯಲ್ಲಿ ನಿಲ್ಲುವಷ್ಟು ದೊಡ್ಡದು. ಎರಡು ಪದರದ ಅರಿವೆಯಲ್ಲಿ ವಿಧಿವತ್ತಾಗಿ ಸೋಸಿದ ನೀರನ್ನು ಮಾತ್ರ ಕುಡಿದ ಮನೆಗೆ ಈ ರೋಗ ಪ್ರವೇಶಿಸುವ ದಾರಿಯೇ ಇರಲಿಲ್ಲ. ಸೈಕ್ಲಾಪ್ಸ್‌ನ ಪ್ರಾಣವನ್ನು ಉಳಿಸಲು ಕಟ್ಟಿದ ಅರಿವೆ ಮನುಷ್ಯನ ಕಾಲನ್ನೂ ಉಳಿಸಿತು. ಇದನ್ನು ಪೂರ್ವಾಚಾರ್ಯರ ವೈಜ್ಞಾನಿಕ ಜ್ಞಾನವೆಂದು ಕೊಂಡಾಡುವುದು ಸತ್ಯಕ್ಕೆ ದೂರ. ಅವರು ರೋಗದ ಕಾರಣವನ್ನು ಹೇಳಿಲ್ಲ, ಹೇಳಿದೆವೆಂದು ಹೊಗಳಿಸಿಕೊಂಡೂ ಇಲ್ಲ. ಕರುಣೆಯಿಂದ ಹುಟ್ಟಿದ ಆಚಾರಕ್ಕೆ ಆರೋಗ್ಯ ತಾನಾಗಿ ಹಿಂಬಾಲಿಸಿ ಬಂದಿತೆಂದರೆ ಸಾಕು.

ಜೀವಾಣಿಯನ್ನು ಬಾವಿಗೆ ಮರಳಿಸಿದರೆ ರೋಗವನ್ನೂ ಮರಳಿಸಿದಂತಾಗಲಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಬಾವಿಯಿಂದ ಬಂದ ಸೈಕ್ಲಾಪ್ಸ್ ಬಾವಿಗೇ ಹೋಗುವುದರಿಂದ ಅಲ್ಲಿ ಇದ್ದ ಸೋಂಕು ಹೆಚ್ಚುವುದಿಲ್ಲ. ಮರಿಯಿಂದ ಮರಿ ಹುಟ್ಟುವುದಿಲ್ಲ. ಅಲ್ಪಾಯುವಾದ ಆ ಜೀವಿಯೊಡನೆ ಅದರೊಳಗಿನ ಮರಿಯೂ ಅಳಿಯುತ್ತದೆ. ಹೊಸ ಸೋಂಕು ಬರುವುದು ಹುಣ್ಣಿನ ಕಾಲು ನೀರಿಗಿಳಿದಾಗ ಮಾತ್ರ. ಆದರೆ ಸೋಸದೆ ಕುಡಿಯುವ ನೆರೆಯವನಿಗೆ ಶ್ರಾವಕನ ಅರಿವೆಯಿಂದ ಯಾವ ರಕ್ಷಣೆಯೂ ದೊರೆಯಲಿಲ್ಲವೆಂಬುದನ್ನೂ ಒಪ್ಪಬೇಕು. ಒಂದು ಮನೆಯ ವ್ರತ ಊರಿನ ವ್ರತವಾಗಲು ಬಹುಕಾಲ ಹಿಡಿಯಿತು.

ಅದು ಊರಿನ ವ್ರತವಾದದ್ದು 1980ರ ದಶಕದಲ್ಲಿ. ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ 1983-84ರಲ್ಲಿ ಆರಂಭವಾದಾಗ ಏಳು ರಾಜ್ಯಗಳಲ್ಲಿ ವರ್ಷಕ್ಕೆ ಸುಮಾರು 40,000 ರೋಗಿಗಳು ಲೆಕ್ಕಕ್ಕೆ ಸಿಕ್ಕರು. ಕರ್ನಾಟಕವೂ ಆ ಏಳರಲ್ಲಿ ಒಂದು. ಬಿಜಾಪುರ, ಗುಲ್ಬರ್ಗ, ರಾಯಚೂರು ಮೊದಲಾದ ಉತ್ತರದ ಜಿಲ್ಲೆಗಳಲ್ಲಿ ರೋಗ ಬೇರೂರಿತ್ತು. ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿಗೆ ಸೋಸುವ ಬಟ್ಟೆಯನ್ನು ಹಂಚಿದರು. ಹುಣ್ಣಾದವರನ್ನು ನೀರಿಗಿಳಿಯದಂತೆ ತಡೆದರು. ಮೆಟ್ಟಿಲುಬಾವಿಗಳನ್ನು ಮುಚ್ಚಿ ಅಥವಾ ಕಟ್ಟೆ ಕಟ್ಟಿ ಸೇದುಬಾವಿಗಳನ್ನಾಗಿ ಮಾಡಿದರು, ಕೈಪಂಪುಗಳನ್ನು ಕೊರೆಸಿದರು. ಕೆಲವು ಬಾವಿಗಳಿಗೆ ಸೈಕ್ಲಾಪ್ಸ್‌ಗಳನ್ನು ಕೊಲ್ಲುವ ಟೆಮಿಫಾಸ್ ಔಷಧವನ್ನೂ ಹಾಕಿದರು. ಭಾರತದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಲಸಿಕೆಯಿಲ್ಲದೆ, ಮದ್ದಿಲ್ಲದೆ, ಬಹುಪಾಲು ಅರಿವೆಯಿಂದ, ಕಟ್ಟೆಯಿಂದ, ಎಚ್ಚರದಿಂದ ಒಂದು ರೋಗವು ದೇಶದಿಂದ ಹೋಯಿತು. ಇಷ್ಟು ದೊಡ್ಡ ಸಂಗತಿ ಶ್ರಾವಕಾಚಾರದ ಪ್ರವಚನಗಳಲ್ಲಿ ಕೇಳಿಬರದಿರುವುದು ವಿಷಾದದ ವಿಷಯ. ಸ್ಕೋರ್ಸ್‌ಬಿಯ ಹನಿಗಿಂತ ಇದು ನೂರು ಪಾಲು ಗಟ್ಟಿಯಾದ ಸಾಕ್ಷ್ಯ.

ಅರಿವೆಯ ಕೀರ್ತಿ ಇಲ್ಲಿಗೆ ನಿಲ್ಲುತ್ತದೆ, ಅಥವಾ ಅರ್ಧಕ್ಕೆ ನಿಲ್ಲುತ್ತದೆ. ವಾಂತಿಭೇದಿಯ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1884ರಲ್ಲಿ ಕಲಕತ್ತೆಯ ಒಂದು ಕೆರೆಯ ನೀರಿನಲ್ಲಿ ಗುರುತಿಸಿದನು. ಅದರ ಗಾತ್ರ ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಯಾವ ಶ್ರಾವಕನ ಅರಿವೆಯೂ ಅದನ್ನು ತಡೆಯಲಾರದು. ವಿಷಮಶೀತ ಜ್ವರ, ಕಾಮಾಲೆ, ಆಮಶಂಕೆಗಳ ಕಥೆಯೂ ಇದೇ. ಆದರೂ ಬಾಂಗ್ಲಾದೇಶದಲ್ಲಿ ರೀಟಾ ಕಾಲ್ವೆಲ್, ಅನ್ವರ್ ಹಕ್ ಮತ್ತು ಅವರ ಸಂಗಡಿಗರು 65 ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ವಿಚಿತ್ರವನ್ನು ತೋರಿಸಿಕೊಟ್ಟಿತು. ಹಳೆಯ ಸೀರೆಯನ್ನು ನಾಲ್ಕು ಮಡಿಕೆಗೂ ಮೇಲ್ಪಟ್ಟು ಮಡಿಸಿ ಸೋಸಿದ ನೀರನ್ನು ಬಳಸಿದ ಹಳ್ಳಿಗಳಲ್ಲಿ ವಾಂತಿಭೇದಿ 48 ಪ್ರತಿಶತ ಇಳಿಯಿತು. ಕೆರೆಯ ನೀರಿನಲ್ಲಿ ಈ ಸೂಕ್ಷ್ಮಾಣು ಬಹುಮಟ್ಟಿಗೆ ಸೈಕ್ಲಾಪ್ಸ್‌ನ ಕುಲದ ಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ. ಜೀವಿ ಅರಿವೆಯಲ್ಲಿ ನಿಂತರೆ ಅದೂ ನಿಲ್ಲುತ್ತದೆ. ಹೊಸ ಸೀರೆಗಿಂತ ಒಗೆದು ಒಗೆದು ಮೆತ್ತಗಾದ ಸೀರೆ ಮೇಲೆಂದೂ ಅಲ್ಲಿ ಕಂಡುಬಂದಿತು, ನೂಲು ಅರಳಿ ರಂಧ್ರಗಳು ಕಿರಿದಾಗುವುದರಿಂದ. ಸಂತೋಷದ ವಿಷಯವೇ. ಆದರೆ ಅರ್ಧದಷ್ಟು ಇಳಿಯಿತೆಂದರೆ ಉಳಿದ ಅರ್ಧ ಉಳಿಯಿತೆಂದೇ ಅರ್ಥವಲ್ಲವೆ?

ಆ ಉಳಿದ ಅರ್ಧಕ್ಕೆ ಜಗತ್ತು ಕಂಡುಕೊಂಡ ಉಪಾಯಗಳಲ್ಲಿ ಮರಳು ಮೊದಲನೆಯದು. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ 1804ರಲ್ಲಿಯೂ ಲಂಡನ್ನಿನ ಚೆಲ್ಸಿಯಲ್ಲಿ 1829ರಲ್ಲಿಯೂ ಮರಳಿನ ಹಾಸಿನ ಮೂಲಕ ನೀರನ್ನು ನಿಧಾನವಾಗಿ ಇಳಿಸಿ ಶುದ್ಧಗೊಳಿಸುವ ಏರ್ಪಾಡುಗಳು ಆರಂಭವಾದವು. ಇದರ ಸತ್ತ್ವಪರೀಕ್ಷೆ 1892ರಲ್ಲಿ ಜರ್ಮನಿಯ ಹ್ಯಾಂಬುರ್ಗಿನಲ್ಲಿ ಆಯಿತು. ಹ್ಯಾಂಬುರ್ಗ್ ಮತ್ತು ಆಲ್ಟೋನಾ ಎಂಬ ಅವಳಿ ನಗರಗಳು ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದವು. ಹ್ಯಾಂಬುರ್ಗ್ ಸೋಸದೆ ಕುಡಿಯಿತು. ವಾಂತಿಭೇದಿಯಿಂದ 8,600ಕ್ಕೂ ಹೆಚ್ಚು ಮಂದಿ ಸತ್ತರು. ಅದರ ಹೊಲಸನ್ನು ಹೊತ್ತ ನೀರನ್ನೇ ಕೆಳಗಡೆಯಿಂದ ಪಡೆದರೂ ಮರಳಿನಲ್ಲಿ ಸೋಸಿ ಕುಡಿದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ನಿಧಾನ ಮರಳುಶೋಧಕದಲ್ಲಿ ಶುದ್ಧಿ ಮಾಡುವುದು ಬರಿಯ ಮರಳಲ್ಲ, ಮರಳಿನ ಮೇಲೆ ಕಟ್ಟಿಕೊಳ್ಳುವ ಸೂಕ್ಷ್ಮಜೀವಿಗಳ ಲೋಳೆಪದರ ಎಂಬುದು ಜೈನ ಓದುಗರಿಗೆ ವಿಚಾರಾರ್ಹವಾದ ಸಂಗತಿ.

ಮನೆಮಟ್ಟಿಗೆ ಕುದಿಸುವುದಕ್ಕಿಂತ ನಂಬಿಕೆಯ ಉಪಾಯ ಇನ್ನೊಂದಿಲ್ಲ. ಮುನಿಗಳ ಆಹಾರಕ್ಕೆ, ತ್ಯಾಗಿಗಳಿಗೆ, ವ್ರತಿಕರಿಗೆ ಪ್ರಾಸುಕ ನೀರನ್ನೇ ಕೊಡುವ ಪದ್ಧತಿಯಿಂದಾಗಿ ಈ ಆಚಾರ ಮನೆಮನೆಗಳಲ್ಲಿ ಜೀವಂತವಾಗಿ ಉಳಿದಿದೆ. ಮೊದಲು ಸೋಸಿ, ಜೀವಾಣಿಯನ್ನು ಕಳುಹಿಸಿ, ಆಮೇಲೆ ಕುದಿಸುವ ಕ್ರಮದಲ್ಲಿ ತ್ರಸ ಜೀವಗಳು ಮಡಕೆಯೊಳಗೆ ಬೇಯದಂತೆ ಎಚ್ಚರವಿದೆ. ನೀರು ಬೆಚ್ಚಗಾದರೆ ಸಾಲದು, ಕೊತಕೊತ ಕುದಿಯಬೇಕು. ಕುದಿ ಬಂದ ಮೇಲೆ ಒಂದೆರಡು ನಿಮಿಷ ಹಾಗೆಯೇ ಬಿಡಬೇಕು. ಆರಿದ ಮೇಲೆ ಕೈ ಅದ್ದಿದ ತಂಬಿಗೆಯಿಂದ ತೆಗೆದರೆ ಎಲ್ಲ ಶ್ರಮವೂ ವ್ಯರ್ಥ. ಉದ್ದ ಹಿಡಿಯ ಸೌಟು ಬೇಕು. ಕುದಿಸಿದ ನೀರನ್ನು ಒಂದು ದಿನದ ಮೇಲೆ ಬಳಸಬಾರದೆಂಬ ಪ್ರಹರದ ನಿಯಮ ಈ ದೃಷ್ಟಿಯಿಂದಲೂ ಹಿತವಾದುದೇ.

ಆದರೆ ಪಂಚಕಲ್ಯಾಣವೋ ವಾರ್ಷಿಕ ರಥೋತ್ಸವವೋ ನಡೆದು ಸಾವಿರಾರು ಜನ ಸೇರಿದಾಗ ಎಲ್ಲರಿಗೂ ಕುದಿಸಿದ ನೀರನ್ನು ಯಾವ ಟ್ರಸ್ಟ್ ಒದಗಿಸಬಲ್ಲುದು? ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ವಿಜಯಪುರಕ್ಕೆ ಬರುವವರೂ, ತಿಕೋಟಾ ತಾಲ್ಲೂಕಿನ ಬಾಬಾನಗರದ ಪ್ರಾಚೀನ ಬಸದಿಗೆ ಹೋಗುವವರೂ ನೀರಿಗಾಗಿ ಧರ್ಮಶಾಲೆಯ ತೊಟ್ಟಿಯನ್ನೇ ನಂಬುತ್ತಾರೆ. ಅಲ್ಲಿ ಬೇಕಾಗುವುದು ಕ್ಲೋರಿನ್. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ 1890ರ ದಶಕದಲ್ಲಿ ವಾಂತಿಭೇದಿಯ ಊರುಗಳ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಹಾಕಿಸಿದನು. ಬಾವಿಗೆ ಕೆಂಪು ಔಷಧ ಹಾಕುವ ರೂಢಿ ಅಲ್ಲಿಂದ ಹರಡಿತು. ಅಮೆರಿಕದ ಜೆರ್ಸಿ ನಗರ 1908ರಲ್ಲಿ ತನ್ನ ನೀರಿಗೆ ನಿತ್ಯವೂ ಕ್ಲೋರಿನ್ ಬೆರೆಸತೊಡಗಿದ ಮೇಲೆ ಕೆಂಪು ಔಷಧದ ಜಾಗಕ್ಕೆ ಬ್ಲೀಚಿಂಗ್ ಪುಡಿ ಬಂದಿತು. ಸಾಧಾರಣವಾಗಿ ಸ್ವಚ್ಛವಾದ 1000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು 2.5 ಗ್ರಾಂ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಕರಗಿಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಹಾಕಿ, ಒಂದು ಗಂಟೆ ಬಿಡಬೇಕು. ಆಗಲೂ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಲ್ಲಿಯ ಬಾಯಲ್ಲಿ ಕನಿಷ್ಠ 0.2 ಮಿಲಿಗ್ರಾಂ. ತೆರೆದಿಟ್ಟ ಪುಡಿ ಸತ್ತ್ವ ಕಳೆದುಕೊಳ್ಳುವುದರಿಂದ ಕಣ್ಣಂದಾಜು ನಡೆಯದು. ಅಳೆಯಲು ಕ್ಲೋರೋಸ್ಕೋಪ್ ಎಂಬ ಚಿಕ್ಕ ಪೆಟ್ಟಿಗೆ ಸಿಗುತ್ತದೆ.

ಇಲ್ಲಿ ಕೆಲವು ಹಿರಿಯರು ಹಿಂಜರಿಯುವುದುಂಟು. ಸೋಸಿದ ಜೀವವನ್ನು ಬಾವಿಗೆ ಮರಳಿಸುವ ಧರ್ಮದವರು ಬಾವಿಗೇ ವಿಷ ಹಾಕುವುದೆ? ಹಿಂಜರಿಕೆ ಹುಟ್ಟಿದ್ದು ದಯೆಯಿಂದ. ಅದನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ಆದರೆ ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದ ಪರಂಪರೆಯೇ ಇದಕ್ಕೆ ಉತ್ತರವನ್ನೂ ಕೊಟ್ಟಿದೆ. ಒಲೆ ಹಚ್ಚುವುದು, ನೀರು ಕುದಿಸುವುದು ಆರಂಭಿ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರ, ಕಡಿಮೆ ಮಾಡಬಲ್ಲ. ತೊಟ್ಟಿಗೆ ಕ್ಲೋರಿನ್ ಹಾಕುವುದು ಅದೇ ವರ್ಗಕ್ಕೆ ಸೇರುತ್ತದೆ. ಏಕೇಂದ್ರಿಯವನ್ನು ಉಳಿಸಲು ಹೋಗಿ ಸಂಜ್ಞೀ ಪಂಚೇಂದ್ರಿಯನಾದ ಯಾತ್ರಿಕನನ್ನು, ಅವನ ಕಂಕುಳಲ್ಲಿರುವ ಕೂಸನ್ನು, ರೋಗಕ್ಕೆ ಒಪ್ಪಿಸುವ ಅಹಿಂಸೆ ಯಾವ ಶ್ರಾವಕಾಚಾರದಲ್ಲಿಯೂ ಇಲ್ಲ. ಪ್ರಮಾದದಿಂದ ಪ್ರಾಣಕ್ಕೆ ಹಾನಿಯಾದರೆ ಅದೇ ಹಿಂಸೆಯೆಂದು ಉಮಾಸ್ವಾಮಿಗಳು ಲಕ್ಷಣ ಕಟ್ಟಿಕೊಟ್ಟಿದ್ದಾರೆ. ಕೊಳಕಾದ ತೊಟ್ಟಿಯನ್ನು ಕಂಡೂ ಸುಮ್ಮನಿರುವ ವ್ಯವಸ್ಥಾಪಕ ಮಂಡಳಿಯದು ಪ್ರಮಾದವಲ್ಲದೆ ಮತ್ತೇನು?

ಕುದಿಸಿದರೂ, ಕ್ಲೋರಿನ್ ಹಾಕಿದರೂ ಹೋಗದ ದೋಷಗಳಿವೆಯೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಬಹುಕಾಲದಲ್ಲಿ ಎಲುಬು ಕೆಡುತ್ತದೆ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಇನ್ನಷ್ಟು ಏರುವುದೇ ಹೊರತು ಇಳಿಯದು. ಬಸದಿಯ ಕೊಳವೆಬಾವಿಯ ನೀರನ್ನು ಒಮ್ಮೆ ಪ್ರಯೋಗಶಾಲೆಗೆ ಕಳುಹಿಸದೆ ಅದರ ಯೋಗ್ಯತೆಯನ್ನು ಯಾರೂ ನಿರ್ಣಯಿಸಲಾರರು.

ಬಾವಿಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ ಬಂದ ಮೇಲೆ ನಗರದ ದಾಹಕ್ಕೆ ಹಳೆಯ ಏರ್ಪಾಡುಗಳು ಸಾಲದಾದವು. ಭೂತನಾಳ ಕೆರೆಯ ನೀರು ಬಂದಿತು. ಇಂದು ಕೃಷ್ಣೆಯ ನೀರು ಕೊಲ್ಹಾರದಿಂದ ಏರಿಬರುತ್ತದೆ. ಕೊಳವೆಯ ನೀರು ಬಂದೊಡನೆ ಜಲಗಾಲನ ವ್ರತಿಗೆ ಹಿಂದೆಂದೂ ಇಲ್ಲದ ಸಮಸ್ಯೆಯೊಂದು ಎದುರಾಯಿತು. ಅದೇ ಜಲಾಶಯಕ್ಕೆ ಮರಳಿಸಬೇಕೆಂಬ ಜೀವಾಣಿಯನ್ನು ವಿಜಯಪುರದ ಅಡುಗೆಮನೆಯಿಂದ ಕೊಲ್ಹಾರದ ಕೃಷ್ಣೆಗೆ ಯಾರು ಒಯ್ಯುವರು? ಬಚ್ಚಲಿಗೆ ಝಾಡಿಸಿದರೆ ವ್ರತದ ಅರ್ಧವೇ ಹೋಯಿತು. ಈ ಕಾರಣದಿಂದಲೇ ಕಟ್ಟುನಿಟ್ಟಿನ ವ್ರತಿಗಳು ಮುನಿಗಳ ಆಹಾರಕ್ಕೆ ಇಂದಿಗೂ ಬಾವಿಯ ನೀರನ್ನೇ ಹುಡುಕುತ್ತಾರೆ; ಬಾವಿಯಿರುವ ಬಸದಿಗಳ ಟ್ರಸ್ಟ್‌ಗಳು ಅದನ್ನು ಕಸದ ಗುಂಡಿಯಾಗಲು ಬಿಡದೆ ಹೂಳು ತೆಗೆಸಿ, ಕಟ್ಟೆ ಕಟ್ಟಿಸಿ, ಜಾಲರಿ ಹಾಕಿಸಿ ಉಳಿಸಿಕೊಳ್ಳುವುದಕ್ಕೆ ಇದೊಂದೇ ಕಾರಣ ಸಾಕು.

ನಲ್ಲಿಯ ನೀರನ್ನೇ ಬಳಸುವ ಮನೆಗಳ ವಿಷಯ ಸ್ವಲ್ಪ ಬೇರೆ. ಶುದ್ಧೀಕರಣ ಘಟಕವನ್ನು ದಾಟಿ ಬಂದ ನೀರಿನಲ್ಲಿ ಕಣ್ಣಿಗೆ ಕಾಣುವ ತ್ರಸ ಜೀವ ಇರುವುದು ಕಡಿಮೆ. ಆದರೂ ಅರಿವೆಯಲ್ಲಿ ಹುಳು ಸಿಕ್ಕಿತೆಂದರೆ ಅದು ಬಹುತೇಕ ಮನೆಯ ತೊಟ್ಟಿಯಲ್ಲಿಯೇ ಹುಟ್ಟಿದ್ದು, ಹೆಚ್ಚಾಗಿ ಸೊಳ್ಳೆಯ ಮರಿ. ಅದನ್ನು ತೊಟ್ಟಿಗೆ ಮರಳಿಸಿದರೆ ಡೆಂಗ್ಯೂ, ಕೊಂದರೆ ವ್ರತಭಂಗ. ಈ ಇಕ್ಕಟ್ಟಿಗೆ ಪರಂಪರೆಯಲ್ಲಿ ಹಳೆಯದೊಂದು ದಾರಿಯಿದೆ: ಜೀವೋತ್ಪತ್ತಿಗೆ ಎಡೆಗೊಡದಿರುವುದು. ಹುಟ್ಟಿದ್ದನ್ನು ಕೊಲ್ಲುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು ಎಂಬ ಯತ್ನಾಚಾರದಿಂದಲೇ ಹಳಸಿದ ಅನ್ನದ, ಉಪ್ಪಿನಕಾಯಿಯ ಅವಧಿಗಳೆಲ್ಲ ಹುಟ್ಟಿದವು. ನಾರುಹುಣ್ಣಿನ ನಿರ್ಮೂಲನದಲ್ಲಿಯೂ ಟೆಮಿಫಾಸ್ ಕೊಂದಿತು, ಬಾವಿಯ ಕಟ್ಟೆ ಕೊಲ್ಲದೆ ಕಾಯಿತು. ನೀರಿನ ತೊಟ್ಟಿಗೆ ಆ ಕಟ್ಟೆಯ ಕೆಲಸ ಮಾಡುವುದು ಬಿಗಿಯಾದ ಮುಚ್ಚಳ. ಗಾಳಿಕೊಳವೆಯ ಬಾಯಿಗೆ ಕಟ್ಟಿದ ಜಾಲರಿ. ವಾರಕ್ಕೊಮ್ಮೆ ಬರಿದುಮಾಡಿ, ಉಜ್ಜಿ ತೊಳೆದು, ಒಣಗಿಸಿದ ಹಂಡೆ. ಇಷ್ಟು ನಡೆದ ಮನೆಯಲ್ಲಿ ಅರಿವೆಯ ಮೇಲೆ ಉಳಿಯುವುದು ಕೊಳವೆಯ ತುಕ್ಕು ಮತ್ತು ಕೃಷ್ಣೆಯ ಮರಳಿನ ಒಂದೆರಡು ಕಣ ಮಾತ್ರ.